ಪೆಟ್ಟಿಗೆ ಚರಕ: ನಾಲ್ಕು ವರ್ಷ ನೂತ ಮೇಲೆ

ಚರಕ ಕೊಳ್ಳಬೇಕು, ಯಾವುದು ಒಳ್ಳೇದು ಅಂತ ಕೇಳುವವರಿಗೆಲ್ಲ ನನ್ನ ಮರುಪ್ರಶ್ನೆ ಒಂದೇ: ಹಂಜಿ, ಅಂದರೆ ನೂಲಲು ಹಿಂಜಿ ಸುರುಳಿ ಮಾಡಿದ ಹತ್ತಿ, ಎಲ್ಲಿಂದ ತರ್ತೀರ? ಇದಕ್ಕೆ ಉತ್ತರ ಇಲ್ಲದಿದ್ದರೆ ಚರಕದ ಮಾತು ಆಮೇಲೆ ಆಡೋಣ. ನಾನು ಉಲ್ಟಾ ಮಾಡಿದೆ. ಮೊದಲು ಚರಕ ತಂದೆ, ಆಮೇಲೆ ಹಂಜಿ ಹುಡುಕಲು ಹೊರಟೆ. ಮೊದಲ ವರ್ಷದ ಅರ್ಧ ಗೋಳು ಅದರಿಂದಲೇ ಬಂದದ್ದು.

ನನ್ನದು ಸೂಟ್‌ಕೇಸಿನಂತೆ ಮಡಚುವ ಮರದ ಪೆಟ್ಟಿಗೆ ಚರಕ. 2021ರ ಮಳೆಗಾಲದಲ್ಲಿ ಸುಮಾರು ನಾಲ್ಕು ಸಾವಿರ ಕೊಟ್ಟು ತರಿಸಿಕೊಂಡೆ. ಮುಚ್ಚಿಟ್ಟರೆ ಮನೆಗೆ ಬಂದವರು ಹಾರ್ಮೋನಿಯಂ ಅಂದುಕೊಳ್ಳುತ್ತಾರೆ. ತೆರೆದರೆ ಒಳಗೆ ಎರಡು ಚಕ್ರ. ಹಿಡಿ ಇರುವುದು ದೊಡ್ಡ ಚಕ್ರಕ್ಕೆ. ಅದರ ದಾರ ಚಿಕ್ಕ ಚಕ್ರದ ನಡುವಿನ ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಚಿಕ್ಕ ಚಕ್ರದ ಅಂಚಿನಿಂದ ಹೋಗುವ ತೆಳು ದಾರ ಕದಿರನ್ನು, ಅಂದರೆ ನೂಲು ಸುತ್ತಿಕೊಳ್ಳುವ ಚೂಪು ಕಬ್ಬಿಣದ ಕಡ್ಡಿಯನ್ನು, ತಿರುಗಿಸುತ್ತದೆ. ಹೀಗೆ ಎರಡು ಮೆಟ್ಟಿಲಲ್ಲಿ ವೇಗ ಏರುವುದರಿಂದ ಕೈ ನಿಧಾನಕ್ಕೆ ಆಡಿದರೂ ಕದಿರು ಕಣ್ಣಿಗೆ ಕಾಣದಷ್ಟು ಜೋರಾಗಿ ಸುತ್ತುತ್ತದೆ. ಒಳ್ಳೆಯ ಚರಕ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಅಂತ ಗಾಂಧೀಜಿಯ ಅಖಿಲ ಭಾರತ ಚರಕಾ ಸಂಘ 1929ರಲ್ಲಿ ಸಾರಿತ್ತು. ಈ ಮಡಚುವ ಮಾದರಿ ರೂಪ ಪಡೆದದ್ದು ಅದಾದ ಮೇಲೆ, ಗಾಂಧೀಜಿ ಪುಣೆಯ ಯರವಡಾ ಜೈಲಿನಲ್ಲಿದ್ದಾಗ. ಅದಕ್ಕೇ ಇದಕ್ಕೆ ಯರವಡಾ ಚಕ್ರ ಅನ್ನುವ ಹೆಸರೂ ಇದೆ. ಜೈಲಿನ ಕೋಣೆಗೆ ಹೊಂದುವ ಸಾಮಾನು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಸರಿಯಾಗಿ ಹೊಂದುತ್ತದೆ ನೋಡಿ.

ಕಲಿಯಲು ಮೂರು ವಾರ ಹಿಡಿಯಿತು. ಬಲಗೈ ಹಿಡಿ ತಿರುಗಿಸಬೇಕು, ಎಡಗೈ ಹಂಜಿಯನ್ನು ಹಿಂದಕ್ಕೆ ಎಳೆಯುತ್ತಾ ಹೋಗಬೇಕು. ತೋಳು ಪೂರ್ತಿ ಚಾಚಿದ ಮೇಲೆ ಚಕ್ರವನ್ನು ಒಂಚೂರು ಹಿಂದಕ್ಕೆ ತಿರುಗಿಸಿ ತುದಿಯ ಸುತ್ತು ಬಿಚ್ಚಿ, ಮತ್ತೆ ಮುಂದಕ್ಕೆ ತಿರುಗಿಸುತ್ತಾ ನೂಲನ್ನು ಕದಿರಿಗೆ ಸುತ್ತಬೇಕು. ಹೇಳಲು ಇಷ್ಟೇ. ನನಗೆ ಬರುತ್ತಿದ್ದುದು ಮಾತ್ರ ಶಾವಿಗೆ. ಒಂದು ಕಡೆ ಹಗ್ಗದಷ್ಟು ದಪ್ಪ, ಮುಂದಿನ ಗೇಣಿನಲ್ಲಿ ಪಟ್ ಅಂತ ಕಡಿತ. ನಮ್ಮತ್ತೆ ಶಾಲೆಯಲ್ಲಿ ತಕಲಿ, ಅಂದರೆ ಬುಗುರಿಯಂತೆ ಕೈಯಲ್ಲೇ ತಿರುಗಿಸುವ ಕಡ್ಡಿ, ಹಿಡಿದು ನೂತವರು. ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ, "ಹಂಜೀನ ಯಾಕಮ್ಮ ಇಲಿ ಬಾಲ ಹಿಡಿದ ಹಾಗೆ ಹಿಡ್ಕೊಂಡಿದೀಯ? ಹಿಸುಕಬೇಡ, ಬಿಡು" ಅಂದರು. ಬಿಟ್ಟೆ, ನೂಲು ಬಂತು. ಅವರಿಗೆ ಚರಕ ಕೊಟ್ಟರೆ ಎರಡು ನಿಮಿಷಕ್ಕೆ ಎದ್ದುಬಿಟ್ಟರು. ಎರಡು ಕೈಗೆ ಎರಡು ಕೆಲಸ ಕೊಡುವ ಈ ಸರ್ಕಸ್ಸು ಬೇಡ ಅಂತ ಈಗಲೂ ತಕಲಿಯನ್ನೇ ತಿರುಗಿಸುತ್ತಾರೆ.

ಇನ್ನು ಹಂಜಿ. ಮೊದಲ ಸಲ ಆನ್‌ಲೈನಿನಲ್ಲಿ ಒಂದು ಕಿಲೋ ತರಿಸಿದೆ. ಕೊರಿಯರ್ ಖರ್ಚು ಉಳಿಸಲೆಂದು ಮಾರಿದವರು ಗಾಳಿ ಹೀರಿ, ಇಟ್ಟಿಗೆಯಂತೆ ಒತ್ತಿ ಕಳಿಸಿದ್ದರು. ಒತ್ತಿದ ಹಂಜಿ ಹಪ್ಪಳದಂತೆ ಚಪ್ಪಟೆಯಾಗಿ ಎಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಎಳೆದರೆ ಜಾರುವುದಿಲ್ಲ, ಉಂಡೆಯಾಗಿ ಕಿತ್ತು ಬರುತ್ತದೆ. ನನಗೆ ಬರುವುದಿಲ್ಲ ಅಂತ ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ. ಆಮೇಲೆ ಒಂದು ಖಾದಿ ಕೇಂದ್ರದಲ್ಲಿ ಯಾರೋ ನಾಲ್ಕು ಹೊಸ ಹಂಜಿ ಕೈಗಿಟ್ಟರು. ಅದೇ ಚರಕ, ಅದೇ ಕೈ. ನೂಲು ಹಾಲಿನ ಕೆನೆಯಿಂದ ಎದ್ದ ಹಾಗೆ ಬಂತು. ವಾಪಸ್ ಕೇಳೋಣ ಅಂದರೆ ಮಾರಿದವರು ಫೋನೇ ಎತ್ತಲಿಲ್ಲ. ಆ ಇಟ್ಟಿಗೆ ಕೊನೆಗೆ ದೇವರ ದೀಪದ ಬತ್ತಿಯಾಯಿತು. ಎರಡು ವರ್ಷ ಬಂತು.

ಹತ್ತಿಯ ಜಾತಿಯೂ ಮುಖ್ಯ. ಧಾರವಾಡದ ಕಡೆಯ ಜಯಧರ್ ಹತ್ತಿಯ ಎಳೆ ಗಿಡ್ಡ. ಜಾಸ್ತಿ ತಿರುಚು ಕೊಟ್ಟು, ನಿಧಾನಕ್ಕೆ ಎಳೆಯಬೇಕು. ನೂಲು ತುಸು ಒರಟು, ಆದರೆ ಒಗೆದ ಹಾಗೆಲ್ಲ ಮೆತ್ತಗಾಗುತ್ತದೆ. ಹೊಸಬರು ಉದ್ದ ಎಳೆಯ ಹತ್ತಿಯಿಂದ ಶುರು ಮಾಡಿ. ಕೈ ಕುದುರಿದ ಮೇಲೆ ಜಯಧರ್ ಕಡೆ ಬನ್ನಿ. ನನಗೆ ಈಗ ಅದೇ ಇಷ್ಟ.

ಚರಕದ ತಾಪತ್ರಯಗಳಿಗೆ ಬರೋಣ. ಮರ ಗಟ್ಟಿ, ಚಕ್ರ ನೆಟ್ಟಗಿದೆ, ದೂರಿಲ್ಲ. ಮಳೆಗಾಲದಲ್ಲಿ ಮುಚ್ಚಳ ಉಬ್ಬಿ ಕೊಂಡಿ ಕೂರುವುದಿಲ್ಲ, ದೀಪಾವಳಿ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ನಿಜವಾದ ತಲೆನೋವು ಚಕ್ರದಿಂದ ಕದಿರಿಗೆ ಹೋಗುವ ದಾರ. ಜೊತೆಗೆ ಬಂದ ದಾರ ಆರು ತಿಂಗಳಿಗೆ ಸಡಿಲವಾಗಿ ಜಾರತೊಡಗಿತು. ಹೊಸ ದಾರ ಕಟ್ಟಿದೆ. ಗಂಟು ಕದಿರಿನ ಗಾಲಿ ಹತ್ತುವಾಗಲೆಲ್ಲ ಟಕ್ ಅನ್ನುತ್ತಿತ್ತು. ಆ ಟಕ್ ನೂಲಿಗೂ ಹೋಗುತ್ತದೆ: ಎಳೆ ಒಂದು ಕ್ಷಣ ನಡುಗುತ್ತದೆ, ತೆಳುವಿದ್ದಲ್ಲಿ ಕಡಿಯುತ್ತದೆ. ಗಂಟು ಹಾಕಲೇಬಾರದು. ದಾರದ ಎರಡೂ ತುದಿಯ ಹುರಿ ಬಿಚ್ಚಿ, ಅರ್ಧ ಎಳೆ ಕತ್ತರಿಸಿ ತೆಳು ಮಾಡಿ, ಒಂದರ ಪಕ್ಕ ಒಂದಿಟ್ಟು ಸೂಜಿಯಲ್ಲಿ ಹೊಲಿಯಬೇಕು. ಮೇಲೆ ಸ್ವಲ್ಪ ಜೇನುಮೇಣ ಉಜ್ಜಬೇಕು. ಮೊದಲ ಸಲ ಒಂದು ಗಂಟೆ ಬೇಕಾಯಿತು, ಈಗ ಹತ್ತು ನಿಮಿಷ.

ಎರಡನೆಯದು ಕದಿರು. ಒಮ್ಮೆ ನೆಲಕ್ಕೆ ಬಿತ್ತು, ನೋಡಲು ಏನೂ ಆಗಿರಲಿಲ್ಲ. ತಿರುಗಿಸಿದರೆ ದುಂಬಿ ಗುಂಯ್‌ಗುಟ್ಟಿದ ಸದ್ದು. ಡೈನಿಂಗ್ ಟೇಬಲ್ಲಿನ ಗಾಜಿನ ಮೇಲೆ ಉರುಳಿಸಿ ಕಣ್ಣು ಕೆಳಗಿಟ್ಟು ನೋಡಿದೆ. ಒಂದು ಕಡೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಅಲ್ಲಿ ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಮತ್ತೆ ಉರುಳಿಸುವುದು. ಹೀಗೆ ಸಂಜೆಯೆಲ್ಲ ಹೋಯಿತು, ಸದ್ದು ನಿಂತಿತು. ಅವತ್ತಿನಿಂದ ಎರಡು ಕದಿರು ಹೆಚ್ಚಿಗೆ ತಂದಿಟ್ಟಿದ್ದೇನೆ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ಜಾಸ್ತಿಯಾದರೆ ಕದಿರಿನ ಬುಡದ ನೂಲಿಗೆ ಕಪ್ಪು ಹತ್ತುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ.

ಎಷ್ಟು ನೂಲು ಬರುತ್ತದೆ? ನನ್ನ ಕೈಗೆ ಗಂಟೆಗೆ 200 ಮೀಟರ್. ನೂಲನ್ನು ಲಡಿಯಾಗಿ, ಅಂದರೆ ಕಟ್ಟಾಗಿ, ಸುತ್ತುವ ಚೌಕಟ್ಟು ಒಂದು ಸುತ್ತಿಗೆ ನಾಲ್ಕು ಅಡಿ. 820 ಸುತ್ತಿದರೆ ಸಾವಿರ ಮೀಟರಿನ ಒಂದು ಲಡಿ. ಅದು 50 ಗ್ರಾಂ ತೂಗಿದರೆ, ಅಂದರೆ ಕಿಲೋಗೆ ಅಂಥ 20 ಲಡಿ ಬಂದರೆ, 20 ನಂಬರಿನ ನೂಲು ಅಂತ ಲೆಕ್ಕ. 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಸದಸ್ಯರಾಗಲು ನಾಲ್ಕಾಣೆ ಚಂದಾ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು ಅಂತ ಒಪ್ಪಿದ್ದರು. 1830 ಮೀಟರ್ ಹತ್ತಿರ ಆಗುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಕೂತರೆ ನನಗೂ ಅಷ್ಟು ಬರುತ್ತದೆ. ಮಾರ್ಚಿನ ಆಡಿಟ್ ತಿಂಗಳಲ್ಲಿ ಮಾತ್ರ ನನ್ನ ಸದಸ್ಯತ್ವ ರದ್ದು. ನೂಲಲು ಮನಸ್ಸಿಲ್ಲದವರು ಬೇರೆಯವರ ಕೈಲಿ ನೂಲಿಸಿಯೂ ಕೊಡಬಹುದು ಅಂತ ಆಗಲೇ ಒಂದು ಕಿಂಡಿ ಇಟ್ಟಿದ್ದರಂತೆ. ಅತ್ತೆಗೆ ಹೇಳಿದೆ, ನಕ್ಕರು, ಒಪ್ಪಲಿಲ್ಲ.

ಬಣ್ಣದ ಹುಚ್ಚು ಎರಡನೇ ವರ್ಷ ಹತ್ತಿತು. ತವರುಮನೆ ಸಾಗರದ ಹತ್ತಿರ. ಅಡಿಕೆ ಬೇಯಿಸುವ ಕಾಲದಲ್ಲಿ ಅಣ್ಣ ಎರಡು ಬಾಟಲಿ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ತುಂಬಿ ಕಳಿಸುತ್ತಾನೆ. ಅಲ್ಲೇ ಭೀಮನಕೋಣೆಯ 'ಚರಕ' ಅನ್ನುವ ಕೈಮಗ್ಗ ಸಂಸ್ಥೆಯವರು ಚೊಗರಿನ ಬಣ್ಣದ ಬಟ್ಟೆ ಮಾಡುವುದನ್ನು ನೋಡಿದವಳು ನಾನು, ಸುಲಭ ಅಂದುಕೊಂಡಿದ್ದೆ. ಮೊದಲ ಲಡಿ ಬಣ್ಣದ ಪಾತ್ರೆಯಲ್ಲಿ ಮುಳುಗಲೇ ಇಲ್ಲ! ಹಸಿ ಹತ್ತಿಯಲ್ಲಿ ಮೇಣದ ಅಂಶ ಇರುತ್ತದೆ, ನೀರು ಕೆಸುವಿನ ಎಲೆ ಮೇಲಿನ ಹಾಗೆ ಜಾರಿಹೋಗುತ್ತದೆ. ಮೊದಲು ಒಗೆಯುವ ಸೋಡಾ ಹಾಕಿ ಒಂದು ಗಂಟೆ ಕುದಿಸಬೇಕು. ನೀರು ಟೀ ಬಣ್ಣಕ್ಕೆ ಬರುತ್ತದೆ. ಬಿಳಿ ಹತ್ತಿಯಿಂದ ಅಷ್ಟು ಕೊಳೆ ಬಂತಾ ಅನ್ನಿಸುತ್ತದೆ. ಆಮೇಲೆ ಪಟಿಕದ ನೀರು, ಆಮೇಲೆ ಚೊಗರು. ಇಟ್ಟಿಗೆ ಕೆಂಪಿಗೂ ಕಂದು ಬಣ್ಣಕ್ಕೂ ನಡುವಿನ ಬಣ್ಣ. ಸುಣ್ಣದ ತಿಳಿನೀರಿಗೆ ಅದ್ದಿದರೆ ಎಲೆಅಡಿಕೆ ಜಗಿದ ಬಾಯಿಯಂತೆ ಕೆಂಪೇರುತ್ತದೆ. ತುಕ್ಕು ಮೊಳೆ ಮತ್ತು ಬೆಲ್ಲ ಕೊಳೆಸಿದ ನೀರಿಗೆ ಅದ್ದಿದರೆ ಬೂದುಗಪ್ಪು. ಕಬ್ಬಿಣ ಜಾಸ್ತಿ ಆದರೆ ನೂಲು ಪುಡಿಯಾಗುತ್ತದೆ, ನನ್ನ ಒಂದು ಲಡಿ ಹಾಗೇ ಹೋಯಿತು. ವಾಸನೆ ಬಗ್ಗೆ ಪಕ್ಕದ ಮನೆಯವರು ಕೇಳಿದಾಗ ಕಷಾಯ ಅಂದೆ.

ನೇಯುವುದಕ್ಕೆ ಟೇಬಲ್ ಮೇಲಿಡುವ ಚಿಕ್ಕ ಮಗ್ಗ ಇದೆ. ಕೈನೂಲಿನ ಒಂಟಿ ಎಳೆಯನ್ನೇ ಹಾಸು ನೂಲಾಗಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ನೂಲಾಗಿ, ಹಾಕಿ ಸೋತೆ. ಎಳೆ ಗಟ್ಟಿಯಾಗಲಿ ಅಂತ ಅಕ್ಕಿ ಗಂಜಿ ಹಾಕಿ ಬಾಲ್ಕನಿಯಲ್ಲಿ ಒಣಗಿಸಿದರೆ ರಾತ್ರಿ ಜಿರಳೆಗಳು ಔತಣ ಮಾಡಿದವು. ಈಗ ಅದೇ ಚರಕದಲ್ಲಿ ಚಕ್ರ ಉಲ್ಟಾ ತಿರುಗಿಸಿ ಎರಡೆಳೆ ಹುರಿ ಮಾಡಿಕೊಳ್ಳುತ್ತೇನೆ. ಒಂದು ಶಾಲಿಗೆ ಎರಡು ಲಡಿ, ಅಂದರೆ ನೂಲುವುದಕ್ಕೇ ಹತ್ತು ಗಂಟೆ. ಬಟ್ಟೆ ಸ್ವಲ್ಪ ಜಾಳು, ಆದರೆ ಮೇಲೆ ಭಾರವೇ ಇರುವುದಿಲ್ಲ. ಈ ನೂಲನ್ನು ಹೊಲಿಗೆ ಮಿಷನ್ನಿಗೆ ಹಾಕಲು ಹೋಗಬೇಡಿ. ಸೂಜಿ ಕಣ್ಣಲ್ಲಿ ನವಿರು ಕಟ್ಟಿಕೊಂಡು ಮಾರಿಗೊಮ್ಮೆ ಕಡಿಯುತ್ತದೆ. ಕೌದಿ ಹೊಲಿಯಲು ಮಾತ್ರ ಹುರಿ ಮಾಡಿದ ನೂಲಿಗಿಂತ ಒಳ್ಳೆಯದು ನಾನು ನೋಡಿಲ್ಲ.

ಯಾರಿಗೆ ಬೇಡ? ನೆಲದ ಮೇಲೆ ಚಕ್ಕಳಮಕ್ಕಳ ಕೂರಲಾಗದವರು ಎತ್ತರದ ಪೀಠದ ಮೇಲಿಟ್ಟು ನೋಡಿಯೇ ಕೊಳ್ಳಿ. ಬಟ್ಟೆ ಖರ್ಚು ಉಳಿಸುವ ಆಸೆಯಿದ್ದರೆ ಈ ಕಡೆ ತಲೆಯೇ ಹಾಕಬೇಡಿ. ಸದ್ದಿನ ಬಗ್ಗೆ ನಮ್ಮ ಯಜಮಾನರ ದೂರಿದೆ, ಅವರ ಮೀಟಿಂಗಿನಲ್ಲಿ ಯಾರೋ "ಮಿಕ್ಸಿ ಆಫ್ ಮಾಡಿ ಸಾರ್" ಅಂದರಂತೆ. ಮಿಕ್ಸಿಯಷ್ಟೇನೂ ಇಲ್ಲ. ರೈಲಿನಲ್ಲಿ ಒಯ್ಯಲು ಆರಾಮ. ವಿಮಾನಕ್ಕಾದರೆ ಕದಿರು ಬಿಚ್ಚಿ ದೊಡ್ಡ ಬ್ಯಾಗಿಗೆ ಹಾಕಿ. ಚೂಪು ಕಬ್ಬಿಣದ ಕಡ್ಡಿ ಏನಕ್ಕೆ ಅಂತ ತಪಾಸಣೆಯವರಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಆ ಮೊದಲ ದಾರದ ಲೆಕ್ಕಕ್ಕೆ. ಹಂಜಿಯ ತಪ್ಪನ್ನು ಚರಕದ ಮೇಲೆ ಹಾಕಿಲ್ಲ. ಈಗಿನದು ಐದನೇ ದಾರ, ನಿನ್ನೆಯಿಂದ ಮತ್ತೆ ಜಾರುತ್ತಿದೆ. ಭಾನುವಾರ ಜೇನುಮೇಣ ಹುಡುಕಬೇಕು.