ವೈಡ್‌ಬ್ಯಾಂಡ್ ಹಾಕಿಸ್ತೀರಾ? ಮೊದಲು ಹಳೇ ಸೆನ್ಸರ್ ಕೈಗೆ ಇಸ್ಕೊಳ್ಳಿ

ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ (ಹೊಗೆ ನೋಡಿ ಇಂಜಿನ್ನಿನ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಸೆನ್ಸರು, ಗೇಜು) ಹಾಕಿಸಬೇಕು ಅಂತ ಯಾರಾದರೂ ದುಡ್ಡು ಎತ್ತಿಟ್ಟಿದ್ದರೆ ಇದನ್ನು ಓದಿ. ನನ್ನ 43,500 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ನನಗೆ ಇದೆಲ್ಲ ಗೊತ್ತು ಅಂದುಕೊಂಡೇ ಮೋಸ ಹೋದೆ. ಗ್ಯಾರೇಜ್ ಹೆಸರು ಕೇಳಬೇಡಿ, ಹಾಕಲ್ಲ. ಬೆಂಗಳೂರಿನದು, ಅಷ್ಟು ಸಾಕು.

ಕಾರು ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ, 1.2 ಲೀಟರ್ ಟರ್ಬೊ. ಹಿಂದಿನ ಓನರ್ ರೀಮ್ಯಾಪ್ ಮಾಡಿಸಿದ್ದ, ಅಂದರೆ ಪವರ್ ಜಾಸ್ತಿ ಬರಲಿ ಅಂತ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿದ್ದ. ಫುಲ್ ಬೂಸ್ಟ್‌ನಲ್ಲಿ (ಟರ್ಬೊ ಪೂರ್ತಿ ಗಾಳಿ ತುಂಬುವಾಗ) 12ರ ಆಸುಪಾಸು ಇರಬೇಕಾದ ಮಿಕ್ಸ್ಚರ್ (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನೋದು) 14ಕ್ಕೆ ಏರಿದರೆ ಪಿಸ್ಟನ್ ಕಥೆ ಮುಗಿದ ಹಾಗೆ, ಅದಕ್ಕೇ ಕಣ್ಣೆದುರು ಒಂದು ಗೇಜ್ ಇರಲಿ ಅನಿಸಿತು. ಕಂಪನಿ ಸೆನ್ಸರ್ ಮುಟ್ಟೋದು ಬೇಡ, ಡೌನ್‌ಪೈಪ್‌ಗೆ (ಟರ್ಬೊದಿಂದ ಹೊಗೆ ಹೊರಗೆ ಹೋಗುವ ಪೈಪು) ಬೇರೆ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಥ್ರೆಡ್ ಇರುವ ಬಳೆ) ವೆಲ್ಡ್ ಮಾಡಿ ಅಂತ ಹೇಳಿದೆ. ಗೇಜು, ಬಾಷ್ ಎಲ್‌ಎಸ್‌ಯು 4.9 ಸೆನ್ಸರು, ವೆಲ್ಡಿಂಗು, ಕೂಲಿ ಎಲ್ಲ ಸೇರಿ 34,000 ಅಂದರು. ಚೌಕಾಸಿ ಕೂಡ ಮಾಡಲಿಲ್ಲ ನಾನು. ದಡ್ಡ.

ಬಂಗನ್ನು ಟರ್ಬೊ ಆದಮೇಲೆ ಹಾಕಿದರು, ಅದೊಂದು ಸರಿ. ಟರ್ಬೊಗಿಂತ ಮುಂಚೆ ಹಾಕಿದರೆ ಒತ್ತಡ, ಬಿಸಿ ಎರಡೂ ಜಾಸ್ತಿ, ರೀಡಿಂಗೂ ಕೆಡುತ್ತದೆ, ಸೆನ್ಸರೂ ಸಾಯುತ್ತದೆ. ಆದರೆ ಹಾಕಿದ್ದು ಪೈಪಿನ ಹೊಟ್ಟೆಗೆ. ಕೆಳಗಡೆಗೆ! ಗಡಿಯಾರದಲ್ಲಿ ಹೇಳುವುದಾದರೆ ಹತ್ತು ಗಂಟೆಯಿಂದ ಎರಡು ಗಂಟೆ ಒಳಗೆ, ಮೇಲ್ಮುಖಕ್ಕೆ ಇರಬೇಕಾದ್ದು ಆರು ಗಂಟೆಗೆ ಇತ್ತು. ಸೆನ್ಸರ್ ಒಳಗಿನ ಹೀಟರ್ ಸೆರಾಮಿಕ್ಕನ್ನು 780 ಡಿಗ್ರಿ ತನಕ ಕಾಯಿಸುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿಂದ ನೀರು ತೊಟ್ಟಿಕ್ಕುತ್ತದಲ್ವಾ, ಆ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಕಾದ ಲಾಟೀನು ಗಾಜಿಗೆ ನೀರು ಚಿಮುಕಿಸಿದ ಹಾಗೆ.

ನಾನು ಕೇಳಿದೆ. ಕೇಳಲಿಲ್ಲ ಅಂತಲ್ಲ. "ಮೇಲೆ ಹಾಕ್ಬೇಕಂದ್ರೆ ಡೌನ್‌ಪೈಪ್ ಪೂರ್ತಿ ಬಿಚ್ಬೇಕು ಸರ್, ಲೇಬರ್ ಜಾಸ್ತಿ ಆಗುತ್ತೆ. ನಾವು ಎಲ್ಲಾ ಗಾಡಿಗೂ ಹಿಂಗೇ ಹಾಕೋದು." ಎಲ್ಲಾ ಗಾಡಿಗೂ ಅಂದ ತಕ್ಷಣ ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆ ಅಂತ ಈಗಲೂ ಗೊತ್ತಿಲ್ಲ.

19ನೇ ದಿನ, ಜೋರು ಮಳೆ ಬಂದ ಮಾರನೇ ಬೆಳಗ್ಗೆ, ಗೇಜಿನಲ್ಲಿ ಎರರ್. ಫೋನ್ ಮಾಡಿದೆ.

"ಪೆಟ್ರೋಲ್ ಪ್ರಾಬ್ಲಂ ಸರ್. ಇ20 ಬಂದ್ಮೇಲೆ ಎಲ್ರ ಸೆನ್ಸರೂ ಸುಟ್ಟೋಗ್ತಿದೆ."

ಸುಳ್ಳು. ಸೀಸ ಇರುವ ಪೆಟ್ರೋಲು ಸೆನ್ಸರ್ ಕೊಲ್ಲುತ್ತದೆ, ಇ20ಯಲ್ಲಿ ಬೆರೆಸುವ 20 ಪರ್ಸೆಂಟ್ ಎಥನಾಲ್ ಅಲ್ಲ. ಗೇಜು ಅಳೆಯುವುದು ಲ್ಯಾಂಬ್ಡಾ, ಅಂದರೆ ಪೆಟ್ರೋಲು ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಅನ್ನೋದು; ಸರಿಯಾಗಿ ಅಷ್ಟೇ ಇದ್ದರೆ 1. ಯಾವ ಪೆಟ್ರೋಲ್ ಹಾಕಿದರೂ ಲ್ಯಾಂಬ್ಡಾ 1 ಇದ್ದಾಗ ಅದು 14.7 ಅಂತಲೇ ತೋರಿಸುತ್ತದೆ. ಇದನ್ನು ಫೋನಿನಲ್ಲೇ ಹೇಳಿದೆ. "ಗಾಡಿ ತಗೊಂಡ್ ಬನ್ನಿ ಸರ್, ನೋಡೋಣ. ಅಲ್ಲೀವರೆಗೂ ಸುಮ್ನೆ ಗೇಜ್ ಫ್ಯೂಸ್ ತೆಗೆದು ಓಡಿಸಿ, ಏನೂ ಆಗಲ್ಲ."

ಏನೂ ಆಗಲ್ವಂತೆ. ಹೀಟರಿಗೆ ಕರೆಂಟ್ ಇಲ್ಲದೆ ಸೆನ್ಸರನ್ನು ಹೊಗೆಯಲ್ಲಿ ಬಿಟ್ಟು ಓಡಿಸಿದರೆ ಮಸಿ ಕೂತು ಅದು ಹಾಳಾಗುತ್ತದೆ. ಓಡಿಸಲೇಬೇಕಾದರೆ ಸೆನ್ಸರ್ ಬಿಚ್ಚಿ ತೂತಿಗೆ ಬೋಲ್ಟ್ ಬಿರಡೆ ಹಾಕಬೇಕು. ಇದು ನನಗೆ ಗೊತ್ತಾಗಿದ್ದು ಆಮೇಲೆ. ನಾನು ಹಾಗೇ ನಾಲ್ಕು ದಿನ ಆಫೀಸಿಗೆ ಓಡಿಸಿದೆ.

ಹೊಸ ಸೆನ್ಸರಿಗೆ 9,500 ತಗೊಂಡರು. ಬಾಕ್ಸ್ ಎಲ್ಲಿ ಅಂದೆ. "ಓಪನ್ ಸ್ಟಾಕ್ ಸರ್, ಬಾಕ್ಸ್ ಬರಲ್ಲ." ಹಳೇದು ಕೊಡಿ ಅಂದೆ. "ಅದು ಸ್ಕ್ರ್ಯಾಪಿಗೆ ಹೋಯ್ತು ಸರ್." ಅರ್ಧ ಗಂಟೆಯಲ್ಲಿ ಸ್ಕ್ರ್ಯಾಪಿಗೆ!

ಹನ್ನೊಂದು ದಿನ ಗೇಜ್ ಚೆನ್ನಾಗಿ ಓಡಿತು. ಆಮೇಲೆ ಹೇಗೆ ತುಳಿದರೂ 12.4, ಬಿಟ್ಟರೂ 12.4. ತುಮಕೂರಿನಲ್ಲಿ ನಮ್ಮ ಮಾವನ ಪರಿಚಯದ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಅವರು ಪಕ್ಕ ಕೂತು, ಗೇರಲ್ಲಿ ಇದ್ದಹಾಗೇ ಆಕ್ಸಿಲರೇಟರಿಂದ ಕಾಲು ತೆಗಿ ಅಂದರು. ಆಗ ಪೆಟ್ರೋಲ್ ಕಟ್ ಆಗುತ್ತದೆ, ಪೈಪಿನಲ್ಲಿ ಬರೀ ಗಾಳಿ, ಗೇಜು ಪೂರ್ತಿ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಕಡೆ ಓಡಬೇಕು. ನನ್ನದು 12.4ರಲ್ಲೇ ಕೂತಿತ್ತು, ಸಾಲಗಾರನ ಮನೆ ಮುಂದೆ ಕೂತ ಹಾಗೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಇವತ್ತೇ ಮಾಡಿ ನೋಡಿ.

ಆಮೇಲೆ ಕಾರನ್ನು ಲಿಫ್ಟಿಗೆ ಏರಿಸಿದರು. ಸೆನ್ಸರ್ ಥ್ರೆಡ್ ತುಂಬ ಕೆಂಪು ಸಿಲಿಕೋನ್ ಮೆತ್ತಿತ್ತು. ಸಿಲಿಕೋನ್ ಹೊಗೆ ಸೆನ್ಸರಿಗೆ ವಿಷ. ಅವರು ಉಗುರಲ್ಲಿ ಕೆರೆದು "ಇದೇನ್ ಬಾತ್ರೂಮ್ ಪೈಪಾ?" ಅಂದರು. ನಗು ಬರಲಿಲ್ಲ ನನಗೆ. ಯಾಕೆಂದರೆ ಅಷ್ಟರಲ್ಲಿ ಕನೆಕ್ಟರ್ ಕಣ್ಣಿಗೆ ಬಿದ್ದಿತ್ತು. ಅದರ ಮೇಲೆ ಹಸಿರು ನೇಲ್ ಪಾಲಿಷಿನ ಚುಕ್ಕೆ. ಮೊದಲ ಸೆನ್ಸರ್ ಹಾಕಿಸಿದ ದಿನ ನಾನೇ ಮಗಳ ಬಾಟಲಿ ತಗೊಂಡು ಇಟ್ಟಿದ್ದ ಚುಕ್ಕೆ ಅದು. ಪಾರ್ಟ್ ಬದಲಾಯಿಸುವವರಿದ್ದಾರೆ ಅಂತ ಯಾರೋ ಹೇಳಿದ್ದಕ್ಕೆ ಇಟ್ಟಿದ್ದೆ. ಇಟ್ಟವನೇ ಮರೆತಿದ್ದೆ. "ಹೊಸದು" ಹಾಕಿದ ದಿನ ಬಗ್ಗಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ನೋಡಲಿಲ್ಲ.

ಫೋಟೋ ಕಳಿಸಿದೆ. ಎರಡು ಗಂಟೆ ಆದಮೇಲೆ ಉತ್ತರ ಬಂತು: "ಕನೆಕ್ಟರ್ ಮಾತ್ರ ಹಳೇದು ಸರ್, ಸೆನ್ಸರ್ ಹೊಸದೇ."

ಈ ಉತ್ತರ ನೋಡಿ ಮೈಯೆಲ್ಲ ಉರಿಯಿತು. ಈ ಸೆನ್ಸರಿಗೆ ಐದು ವೈರು, ಕನೆಕ್ಟರಿಗೆ ಆರು ಪಿನ್ನು. ಕನೆಕ್ಟರ್ ಒಳಗೆ ಒಂದು ರೆಸಿಸ್ಟರ್ ಇದೆ, ಫ್ಯಾಕ್ಟರಿಯಲ್ಲಿ ಆ ಒಂದು ಸೆನ್ಸರಿಗೇ ಅಂತ ಹೊಂದಿಸಿ ಕಳಿಸಿದ್ದು. ಒಂದರ ಕನೆಕ್ಟರ್ ಇನ್ನೊಂದಕ್ಕೆ ಹಾಕುವ ಹಾಗೇ ಇಲ್ಲ. ಅವರು ಹೇಳಿದ್ದು ನಿಜವಾದರೆ ಕೆಲಸ ಕೆಡಿಸಿದ್ದಾರೆ, ಸುಳ್ಳಾದರೆ ಕಳ್ಳತನ. ವೈರಿನ ಉದ್ದಕ್ಕೂ ಬೆರಳಾಡಿಸಿ ನೋಡಿದೆವು, ವೈರು ಕತ್ತರಿಸಿ ಸೇರಿಸಿದ ಒಂದೇ ಒಂದು ಜೋಡಣೆ ಇಲ್ಲ. ಹಳೇದೇ. ಮಳೆನೀರು ಹೋದ ಕನೆಕ್ಟರ್ ಒಣಗಿಸಿ, ತುದಿಗೆ ವೈರ್ ಬ್ರಷ್ ಹಾಕಿ, ನನ್ನ ಸೆನ್ಸರನ್ನೇ ನನಗೆ 9,500ಕ್ಕೆ ಮಾರಿದ್ದಾರೆ.

ನಿಮಗೆ ಹೇಳೋದು ಇಷ್ಟೇ. ವೆಲ್ಡ್ ಮಾಡುವಾಗ ಪಕ್ಕದಲ್ಲೇ ನಿಂತಿರಿ, ಸೆನ್ಸರ್ ಬಾಕ್ಸ್ ನೀವೇ ಒಡೆಯಿರಿ, ಹಳೇದು ಕೈಗೆ ಬರುವ ತನಕ ದುಡ್ಡು ಕೊಡಬೇಡಿ. ಸಿಲಿಕೋನ್ ಟ್ಯೂಬ್ ಕಂಡರೆ ಕೀ ತಗೊಂಡು ಎದ್ದು ಬನ್ನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿನ್ನೆ ಉತ್ತರ ಬಂದಿದೆ: "ಬೇಜಾರ್ ಮಾಡ್ಕೋಬೇಡಿ ಸರ್, ಒಂದ್ಸಲ ಬನ್ನಿ, ಗಾಡಿ ಫ್ರೀ ವಾಶ್ ಮಾಡಿಕೊಡ್ತೀವಿ."