ಟೆಂಟಿಗೆ ಜಾಗ: ಕಡಲು, ಕಾಡು, ಗುಡಿ, ಶಾಲೆ

ಕಳೆದ ಎರಡು ಚಳಿಗಾಲಗಳಲ್ಲಿ ನಾನು, ನನ್ನ ತಮ್ಮ ಮತ್ತು ಹನ್ನೊಂದು ವರ್ಷದ ಮಗಳು ಒಟ್ಟು ಏಳು ರಾತ್ರಿ ಟೆಂಟು ಹಾಕಿದ್ದೇವೆ. ಎಲ್ಲವೂ ಶಿರಸಿಯಿಂದ ಕಾರವಾರದವರೆಗಿನ ಊರುಗಳಲ್ಲಿ. ನಾವು ಹಾಕಿಕೊಂಡ ಕಟ್ಟು ಎರಡೇ: ದುಡ್ಡು ಕೊಡಬಾರದು, ಕದ್ದು ಮಲಗಬಾರದು. ರಾತ್ರಿ ಯಾರಾದರೂ ಬ್ಯಾಟರಿ ಹಿಡಿದು ಬಂದು ನಿಂತರೆ "ಇಂಥವರನ್ನು ಕೇಳಿದ್ದೇವೆ" ಎಂದು ತಲೆ ಎತ್ತಿ ಹೇಳುವಂತಿರಬೇಕು. ಮಗಳು ಜೊತೆಗಿರುವಾಗ ಈ ಎರಡನೆಯ ಕಟ್ಟೇ ನನಗೆ ದೊಡ್ಡದು.

ಆಸೆ ಹುಟ್ಟಿಸಿದವನು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ. ಅಲ್ಲಿ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನಗಳವರೆಗೆ ಬಾಡಿಗೆಯಿಲ್ಲದೆ ಟೆಂಟು ಹಾಕಬಹುದು. ಸ್ವೀಡನ್ನಿನಲ್ಲಂತೂ ಮನೆಯಿಂದ ದೂರವಿದ್ದರೆ ಪರರ ಜಮೀನಿನಲ್ಲೂ ಒಂದೆರಡು ರಾತ್ರಿ ತಂಗುವ ಹಕ್ಕು ಎಲ್ಲರಿಗೂ ಇದೆ. ನಮ್ಮಲ್ಲಿ ಅಂಥ ಹಕ್ಕು ಇಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳದೆ ಹೊರಟವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಉತ್ತರ ಕನ್ನಡದ ನೆಲದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅರಣ್ಯ. ಕಣ್ಣಿಗೆ ಖಾಲಿಯಾಗಿ ಕಂಡ ಜಾಗ ದಾಖಲೆಯಲ್ಲಿ ಖಾಲಿ ಇರುವುದಿಲ್ಲ.

ಹಾಗಾಗಿ ಜಾಗ ಹುಡುಕುವ ಕೆಲಸ ಮನೆಯಲ್ಲೇ ಶುರುವಾಗಬೇಕು. ಪ್ರವಾಸಿಗರು ತಾವು ತಂಗಿದ ಕಡೆಯೆಲ್ಲ ಟೆಂಟಿನ ಗುರುತು ಹಾಕುವ ಮೊಬೈಲ್ ನಕ್ಷೆಯನ್ನು ನಾವು ಮೊದಲು ನಂಬಿದೆವು. ಅದರಲ್ಲಿ ಶಿರಸಿ ತಾಲೂಕಿನ ಒಂದು ಹಳ್ಳದ ದಡ "ಉಚಿತ, ಪ್ರಶಾಂತ" ಎಂದಿತ್ತು. ತಮ್ಮ ಅದೇ ಜಾಗವನ್ನು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ತೆರೆದ. ನಕ್ಷೆಯ ಮೇಲೆ ಬೆರಳಿಟ್ಟರೆ ಅದು ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ನೋಡಬಹುದು. ನೋಡಿದರೆ ಅರಣ್ಯ. ಅಲ್ಲಿ ಮಲಗಿ ಎದ್ದು ಹೋದವನಿಗೆ ಯಾರೂ ಅಡ್ಡ ಬಂದಿರಲಿಕ್ಕಿಲ್ಲ, ಅಷ್ಟರಿಂದ ಜಾಗ ಕಾನೂನುಬದ್ಧವಾಗುವುದಿಲ್ಲ. ಈಗ ನಮಗೆ ದಿಶಾಂಕ್ ಮೊದಲು, ಮಿಕ್ಕ ನಕ್ಷೆಗಳೆಲ್ಲ ಆಮೇಲೆ. ಘಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಸರ್ವೆ ನಂಬರುಗಳನ್ನು ಕಾಗದದ ಮೇಲೆ ಬರೆದುಕೊಂಡು ಹೋಗುತ್ತೇವೆ.

ಕಾಡಿನ ವಿಷಯದಲ್ಲಿ ನನ್ನ ತೀರ್ಮಾನ ಖಚಿತ: ಉಚಿತವಾಗಿ, ಕಾನೂನಿನ ಒಳಗೆ, ಸ್ವಂತ ಟೆಂಟು ಹೂಡಿ ಮಲಗುವವರಿಗೆ ಅಲ್ಲಿ ಜಾಗವಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವೂ ಬೆಂಕಿ ಹಚ್ಚುವುದೂ ಅಪರಾಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಯಾಣ, ಉಂಚಳ್ಳಿ, ಮಾಗೋಡುಗಳು ಹಗಲು ನೋಡಿ ಬರುವ ಜಾಗಗಳು. ಟೆಂಟಿನಲ್ಲೇ ಮಲಗಬೇಕು, ಸುತ್ತ ಕಾಡೂ ಇರಬೇಕು ಎನ್ನುವವರಿಗೆ ದಾಂಡೇಲಿ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಪ್ರಕೃತಿ ಶಿಬಿರವಿದೆ. ಅದಕ್ಕೆ ಹಣ ಕೊಡಬೇಕು, ಹಾಗಾಗಿ ನಮ್ಮ ಲೆಕ್ಕಕ್ಕೆ ಸೇರಲಿಲ್ಲ. ಆದರೂ ಕದ್ದು ಮಲಗುವುದಕ್ಕಿಂತ ಆ ಹಣ ಕೊಡುವುದೇ ಮೇಲು ಎನ್ನುತ್ತೇನೆ. ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ನಮ್ಮ ಸಿದ್ದಾಪುರದವರ ಜೀವವನ್ನೂ ತೆಗೆದಿದೆ. ಅದನ್ನು ಹರಡುವ ಉಣುಗು ಇರುವುದು ದರಕಿನಲ್ಲಿ, ಅಂದರೆ ಒಣಗಿ ಬಿದ್ದ ಎಲೆಗಳ ನಡುವೆ, ಟೆಂಟು ಹಾಕಲು ಮೆತ್ತಗಿದೆ ಎಂದು ನಾವು ಆರಿಸುವ ನೆಲದಲ್ಲೇ. ಚಳಿಗಾಲ ಒಣಗಿರುತ್ತದೆ, ಉಂಬಳದ ಕಾಟವಿಲ್ಲ ಎಂದು ಹಿಗ್ಗುವ ಹೊರಗಿನವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಬೆಟ್ಟದ ಕಥೆ ಬೇರೆ. ಶಿರಸಿ ಕಡೆಯವರಿಗೆ ಬೆಟ್ಟವೆಂದರೆ ಸೊಪ್ಪಿನಬೆಟ್ಟ; ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟ ಕಾಡು. ನನ್ನ ಗೆಳತಿಯ ಮನೆಯವರು "ನಮ್ಮ ಬೆಟ್ಟದಲ್ಲೇ ಹಾಕಿಕೊಳ್ಳಿ, ಯಾರು ಕೇಳುತ್ತಾರೆ?" ಎಂದು ತುಂಬು ಮನಸ್ಸಿನಿಂದ ಹೇಳಿದರು. ಅವರ ಅಜ್ಜನ ಕಾಲದಿಂದ ಸೊಪ್ಪು, ದರಕು ತಂದ ನೆಲ, ತಮ್ಮದೆಂದು ಅನ್ನಿಸುವುದು ಸಹಜ. ಆದರೆ ತೋಟದವರಿಗಿರುವುದು ಸೊಪ್ಪು, ದರಕು, ಒಣ ಕಟ್ಟಿಗೆಯ ಹಕ್ಕು. ನೆಲ ಸರ್ಕಾರದ್ದೇ. ಪರವೂರಿನವರು ಬೆಟ್ಟದಲ್ಲಿ ಟೆಂಟು ಹಾಕಿದ್ದು ಸುದ್ದಿಯಾದರೆ ನಾವು ಮರುದಿನ ಹೊರಟು ಹೋಗುತ್ತೇವೆ, ಉತ್ತರ ಹೇಳಬೇಕಾದವರು ಅವರು. ಆ ರಾತ್ರಿ ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಮಲಗಿದೆವು. ಸುಖವಾದ ನಿದ್ದೆ, ಬೆಳಗ್ಗೆ ಬಿಸಿ ದೋಸೆ, ಜೋನಿ ಬೆಲ್ಲ. ಆದರೆ ಅದು ನೆಂಟರ ಮನೆಯ ಉಪಚಾರವಾಯಿತು. ಪರಿಚಯವಿಲ್ಲದವರಿಗೆ ನಾನು ಹೇಗೆ ಆ ದಾರಿ ಹೇಳಲಿ?

ಕಡಲಿಗೆ ಬಂದರೆ ಆಸೆ ನೂರು ಪಾಲು ಹೆಚ್ಚು. ಮಾಜಾಳಿಯಿಂದ ಹೊನ್ನಾವರದವರೆಗೆ ಎಷ್ಟೊಂದು ಮರಳು! ಗೋಕರ್ಣವನ್ನು ನಾವು ಮೊದಲೇ ಕೈಬಿಟ್ಟೆವು. ಓಂ, ಕುಡ್ಲೆಗಳ ಗದ್ದಲದಲ್ಲಿ ಮಗುವನ್ನು ಮಲಗಿಸುವ ಧೈರ್ಯ ನನಗಿಲ್ಲ. ಕಾಸರಕೋಡಿನ ಇಕೋ ಬೀಚು 2020ರಲ್ಲಿ ಶುಚಿಯಾದ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮನ್ನಣೆ ಪಡೆದ ಜಾಗ, ಅಲ್ಲಿಗೆ ಹೋಗಬೇಕಾದದ್ದು ಹಗಲಿನಲ್ಲಿ. ಕಾರವಾರದ ದಕ್ಷಿಣಕ್ಕೆ ಅರ್ಗಾದಲ್ಲಿ ನೌಕಾನೆಲೆ ಬಂದ ಮೇಲೆ ಅಲ್ಲಿನ ದಂಡೆಯ ಮಾತೇ ಇಲ್ಲ. ಉಳಿದದ್ದು ಮೀನುಗಾರರ ಊರುಗಳ ಮುಂದಿನ ಮರಳು. ಕಾರವಾರ ತಾಲೂಕಿನ ಅಂಥ ಒಂದು ಊರಿನಲ್ಲಿ, ಮೊದಲು ಪೊಲೀಸ್ ಠಾಣೆಗೆ ಹೋಗಿ ಆಧಾರ್ ಪ್ರತಿ ಕೊಟ್ಟು, ಆಮೇಲೆ ದಂಡೆಯಲ್ಲಿ ಬಲೆ ಸರಿಮಾಡುತ್ತಿದ್ದವರನ್ನು ಕೇಳಿದೆವು.

ಠಾಣೆಯಲ್ಲಿ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. "ನೀರಿಗಿಳಿಯಬೇಡಿ, ಬೆಂಕಿ ಹಾಕಬೇಡಿ" ಎಂದಷ್ಟೇ ಹೇಳಿದರು. ನಿಜವಾದ ಉತ್ತರ ಕೊಟ್ಟವಳು ಮೀನು ಒಣಗಿಸುತ್ತಿದ್ದ ಹೆಂಗಸು. "ಅಕ್ಕಾ, ಇಲ್ಲಿ ಹಾಕಬಹುದೇ?" ಎಂದು ಕೇಳಿದೆ. ಅವಳು ಕೊಂಕಣಿ ಬೆರೆಸಿದ ಕನ್ನಡದಲ್ಲಿ, "ಬಾಯಿ, ಇದು ದೋಣಿ ಎಳೆಯುವ ದಾರಿ. ನಾಲ್ಕು ಗಂಟೆಗೆ ಗಂಡಸರು ಬರುತ್ತಾರೆ. ನಾಳೆ ಹುಣ್ಣಿಮೆ ಬೇರೆ, ನೀರು ಆ ಬಳ್ಳಿಯವರೆಗೆ ಬರುತ್ತದೆ" ಎಂದು ತೋರಿಸಿದಳು. ನಾವು ಸಂಜೆ ಇಳಿತದ ಹೊತ್ತಿಗೆ ನೋಡಿದ್ದರಿಂದ ದಂಡೆ ಅಷ್ಟು ಅಗಲವಾಗಿ ಕಂಡಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಭರತಿಗೂ ಇಳಿತಕ್ಕೂ ಈ ಕಡಲಿನಲ್ಲಿ ಹೆಚ್ಚೂಕಡಿಮೆ ಎರಡು ಮೀಟರಿನ ಅಂತರ. ಸಪಾಟು ದಂಡೆಯಲ್ಲಿ ಅಷ್ಟು ನೀರು ಎಷ್ಟು ಒಳಗೆ ನುಗ್ಗುತ್ತದೆ ಎಂಬುದು ಮರಳಿನ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ. ಅವಳು ಹೇಳಿದಂತೆ ಅವರ ಚಪ್ಪರದ ಪಕ್ಕಕ್ಕೆ ಸರಿದೆವು. ಹಿಂದಿನ ಗಾಳಿಮರದ ತೋಪು ಇನ್ನೂ ಚೆನ್ನಾಗಿತ್ತು, ಆದರೆ ನಮ್ಮ ಕಾಗದದ ಪ್ರಕಾರ ಅದೂ ಅರಣ್ಯ ಇಲಾಖೆಯದೇ.

ನಸುಕಿನಲ್ಲಿ ರಂಪಣಿ ಬಲೆ ಎಳೆಯುವ ಸದ್ದಿಗೆ ಎಚ್ಚರವಾಯಿತು. ಎರಡು ಸಾಲು ಜನ, ಒಂದೇ ಲಯದ ಹೆಜ್ಜೆ. ಮಗಳು ಹಗ್ಗ ಹಿಡಿದು ಹಿಂದೆ ಹಿಂದೆ ನಡೆದಳು. ನಾನು ಬದುಕಿನಲ್ಲಿ ಕಂಡ ಅತ್ಯಂತ ಚೆಲುವಾದ ಬೆಳಗು ಅದು. ಹಾಗಿದ್ದೂ ಕಡಲಿಗೆ ಮೊದಲ ಸ್ಥಾನ ಕೊಡಲಾರೆ. ಶೌಚಕ್ಕೆ ಜಾಗವಿಲ್ಲ, ಹೆಂಗಸರಿಗೆ ಅದು ಸಣ್ಣ ಮಾತಲ್ಲ. ಕುಡಿಯುವ ನೀರನ್ನು ಹೊತ್ತು ತರಬೇಕು. ಇವೆರಡಕ್ಕಿಂತಲೂ ಕಡಲಾಮೆಗಳ ಚಿಂತೆ ನನ್ನನ್ನು ಕಾಡುತ್ತದೆ. ಚಳಿಗಾಲದಲ್ಲೇ ಅವು ರಾತ್ರಿ ದಡಕ್ಕೆ ಬಂದು ಮರಳು ಬಗೆದು ಮೊಟ್ಟೆಯಿಡುತ್ತವೆ, ನಮ್ಮ ಜಿಲ್ಲೆಯ ದಂಡೆಗಳಲ್ಲೂ. ಬೆಳಕು ಕಂಡರೆ ತಾಯಿ ಹಿಂದಿರುಗಬಹುದು, ಮರಿಗಳು ದಿಕ್ಕು ತಪ್ಪುತ್ತವೆ. ಆ ರಾತ್ರಿ ನಾವು ದೀಪ ಹಚ್ಚಲೇ ಇಲ್ಲ. ನವೆಂಬರಿನಿಂದ ಮಾರ್ಚಿಯವರೆಗೆ ದಂಡೆಯಲ್ಲಿ ದೀಪವಿಲ್ಲದೆ ಇರಲು ಒಪ್ಪದವರು ಅಲ್ಲಿಗೆ ಹೋಗಲೇಬಾರದು.

ಗುಡಿಯ ಅಂಗಳ ನಮಗೆ ಎರಡು ರಾತ್ರಿ ಸಿಕ್ಕಿತು, ಒಂದು ಶಿರಸಿ ತಾಲೂಕಿನಲ್ಲಿ, ಇನ್ನೊಂದು ಕುಮಟಾ ಕಡೆ. ಮೊಕ್ತೇಸರರಿಗೆ ಮೊದಲೇ ಫೋನು ಮಾಡಿದ್ದೆವು. ಶಿರಸಿ ಕಡೆಯ ಗುಡಿಯಲ್ಲಿ ಭಟ್ಟರು, "ತಂಗೀ, ಈ ಮಂಜಿನಲ್ಲಿ ಟೆಂಟು ಯಾಕೆ, ಚಂದ್ರಶಾಲೆಯಲ್ಲೇ ಮಲಗಿ" ಎಂದು ಗುಡಿಯ ಮಾಡಿನ ಕೆಳಗಿನ ಜಗುಲಿ ತೋರಿಸಿದರು. ಹೊರಗೆ ಹಾಕಿದ್ದ ಟೆಂಟು ಬೆಳಗಿನ ಹೊತ್ತಿಗೆ ಮಳೆ ಹೊಯ್ದಂತೆ ನೆನೆದಿತ್ತು, ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬಾವಿಯ ನೀರು, ದೀಪ, ಮನುಷ್ಯರ ಕಾವಲು ಎಲ್ಲವೂ ಇತ್ತು. ಒಂದು ಕೊರತೆಯನ್ನು ಮುಚ್ಚಿಡಲಾರೆ. ನಾವು ಬ್ರಾಹ್ಮಣರ ಮನೆಯವರು ಎಂದು ಅವರು ಮೊದಲ ಐದು ನಿಮಿಷದಲ್ಲೇ ಕೇಳಿ ತಿಳಿದುಕೊಂಡರು. ಆಮೇಲೆಯೇ ಮಾತು ಸಡಿಲವಾದದ್ದು. ಬೇರೆಯವರು ಹೋದರೂ ಇದೇ ಸ್ವಾಗತ ಸಿಗುತ್ತದೆ ಎಂದು ಆಣೆ ಮಾಡಿ ಹೇಳಲು ನನ್ನಿಂದಾಗದು. ಎಲ್ಲರಿಗೂ ಒಂದೇ ರೀತಿ ತೆರೆದಿರದ ಜಾಗವನ್ನು ಸಾರ್ವಜನಿಕ ಜಾಗವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನನ್ನ ಮೊದಲ ಆಯ್ಕೆ ಸರ್ಕಾರಿ ಶಾಲೆಯ ಮೈದಾನ. ಇದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದಿಂದ ಸೋಮವಾರದವರೆಗೆ ಮೈದಾನ ಬಿಡುವಾಗಿರುತ್ತದೆ. ಕೇಳಬೇಕಾದದ್ದು ಮುಖ್ಯ ಶಿಕ್ಷಕರನ್ನು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನು. ಅಂಕೋಲಾ ತಾಲೂಕಿನ ಒಂದು ಶಾಲೆಯ ಅಕ್ಕೋರು, ಅಂದರೆ ಶಿಕ್ಷಕಿ, "ಅರ್ಜಿ ಬರೆದುಕೊಡಿ, ಪಂಚಾಯತಿಗೂ ಒಂದು ಪ್ರತಿ ಕೊಡಿ, ಆಮೇಲೆ ಯಾರೂ ನಿಮ್ಮನ್ನು ಏಳಿಸುವುದಿಲ್ಲ" ಎಂದರು. ಹಾಗೆಯೇ ಆಯಿತು. ಶೌಚಾಲಯದ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟರು. ಬಿಸಿಯೂಟದ ಕೋಣೆಯ ಹೊರಗೆ ನಲ್ಲಿ ಇತ್ತು. ಜಾತಿ ಯಾರೂ ಕೇಳಲಿಲ್ಲ. ರಾತ್ರಿ ಊರಿನ ಇಬ್ಬರು ಹುಡುಗರು ಬಂದು ವಿಚಾರಿಸಿದರು. ಅಕ್ಕೋರ ಹೆಸರು ಹೇಳಿದ ಮೇಲೆ ಮನೆಯಿಂದ ಎಳನೀರು ತಂದರು. ಹಿಂದಿನ ಗುಡ್ಡದ ಬುಡದಲ್ಲಿ ನೆರಳು ಚೆನ್ನಾಗಿದೆಯೆಂದು ತಮ್ಮ ಅತ್ತ ನಡೆದಾಗ ಅವರೇ ತಡೆದರು. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ರಸ್ತೆ ಬದಿಯ ಚಹಾದಂಗಡಿಯನ್ನು ಮನುಷ್ಯರ ಸಮೇತ ಹೊತ್ತೊಯ್ದದ್ದನ್ನು ಕಂಡ ಊರಿನವರು ಅವರು. ಮಳೆಗಾಲವಲ್ಲದಿದ್ದರೂ ಕಡಿದ ಗುಡ್ಡದ ಬುಡದಲ್ಲಿ ಮಲಗಲು ಅವರು ಯಾರನ್ನೂ ಬಿಡುವುದಿಲ್ಲ.

ಶಾಲೆಯಲ್ಲಿ ಕಾಡಿನ ಮೌನವಿಲ್ಲ, ಅಲೆಯ ಸದ್ದೂ ಇಲ್ಲ. ನಾಯಿ ಬೊಗಳುತ್ತದೆ, ಎಲ್ಲೋ ಯಕ್ಷಗಾನದ ಚಂಡೆ ಬೆಳಗಿನವರೆಗೆ ಕೇಳುತ್ತದೆ. ಅದು ಬೇಡ ಎನ್ನುವವರಿಗೆ ನನ್ನ ಆಯ್ಕೆ ಹಿಡಿಸಲಿಕ್ಕಿಲ್ಲ. ನಾವು ಏಳರಲ್ಲಿ ಮೂರು ರಾತ್ರಿ ಶಾಲೆಗಳಲ್ಲೇ ಕಳೆದೆವು, ಮೂರು ಕಡೆಯೂ ಒಪ್ಪಿಗೆ ಸಿಗಲು ಒಂದು ವಾರ ಸಾಕಾಯಿತು. ನಾಲ್ಕನೆಯ ಕಡೆ "ಹಿಂದೆ ಬಂದವರು ಬಾಟಲಿ ಒಡೆದು ಹೋದರು, ಮಕ್ಕಳ ಕಾಲಿಗೆ ಚುಚ್ಚಿತು" ಎಂದು ಇಲ್ಲವೆಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಅರ್ಜಿಯಲ್ಲಿ ನಾನು ಈಗ ಬರೆಯುವುದು ಇಷ್ಟು: ಎಷ್ಟು ಜನ, ಯಾವ ಸಂಜೆ ಬರುತ್ತೇವೆ, ಯಾವ ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತೇವೆ, ಒಲೆ ಹಚ್ಚುವುದಿಲ್ಲ, ಕುಡಿಯುವುದಿಲ್ಲ, ಕಸವನ್ನು ಹೊತ್ತೊಯ್ಯುತ್ತೇವೆ. ಕೊನೆಗೆ ಮೂವರ ಹೆಸರು, ಫೋನ್ ನಂಬರು, ಆಧಾರ್ ಪ್ರತಿ. ಹೊರಡುವ ಮುನ್ನ ಮೈದಾನದ ಚಿತ್ರ ತೆಗೆದು ಅಕ್ಕೋರಿಗೆ ಕಳುಹಿಸುತ್ತೇವೆ. ಮುಂದಿನ ನವೆಂಬರಿಗೆ ಯಲ್ಲಾಪುರ ಕಡೆಯ ಒಂದು ಶಾಲೆಗೆ ಬರೆದಿದ್ದೇನೆ. ಮಾಸ್ತರು ಎಸ್‌ಡಿಎಂಸಿ ಸಭೆಯಲ್ಲಿ ಇಡುತ್ತೇನೆ ಎಂದಿದ್ದಾರೆ.