ಎಳೆ ಬಿಟ್ಟರೆ ಮೊದಲು ಅಳತೆ ಟೇಪು ಹಿಡಿಯಿರಿ: ಓಲ್ಫಾ 45 ಎಂಎಂ ರೋಟರಿ ಕಟರ್

ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿಯುವ ಕ್ವಿಲ್ಟಿಂಗ್ ಮಾಡುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಹಳದಿ ಹಿಡಿಯ ಈ ಕಟರ್. ಇದರ ದುಂಡು ಬ್ಲೇಡು ಗಾಲಿಯಂತೆ ಉರುಳುತ್ತಾ ಬಟ್ಟೆ ಕೊಯ್ಯುತ್ತದೆ. ರೋಟರಿ ಕಟರನ್ನು 1979ರಲ್ಲಿ ಮೊದಲು ತಂದದ್ದೂ ಜಪಾನಿನ ಓಲ್ಫಾ ಕಂಪನಿಯೇ. ಇದರ ಬಗ್ಗೆ ಬರುವ ದೂರು ಬಹುಮಟ್ಟಿಗೆ ಒಂದೇ: ಹೊಸದರಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿತ್ತು, ಈಗ ಅಲ್ಲಲ್ಲಿ ಎಳೆಗಳನ್ನು ಕೊಯ್ಯದೆ ಬಿಡುತ್ತಿದೆ. ಕೂಡಲೇ ಬ್ಲೇಡು ಬದಲಾಗುತ್ತದೆ. ಹೊಸ ಬ್ಲೇಡೂ ಎಳೆ ಬಿಟ್ಟರೆ ಕಟರೇ ಸರಿಯಿಲ್ಲ ಎಂಬ ತೀರ್ಮಾನ. ತಪ್ಪು ಬ್ಲೇಡನ್ನು ಹಿಡಿದಿಡುವ ನಟ್ಟಿನದೋ ಬಟ್ಟೆಯ ಕೆಳಗೆ ಹಾಸುವ ಮ್ಯಾಟಿನದೋ ಆಗಿರುವಾಗ ಬ್ಲೇಡಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ವೇಸ್ಟ್ ಕಾಟನ್ ಬಟ್ಟೆಯನ್ನು ಎರಡು ಪದರ ಮಾಡಿ 60 ಸೆಂಟಿಮೀಟರ್ ಉದ್ದಕ್ಕೆ ಒಂದೇ ಎಳೆತದಲ್ಲಿ ಕೊಯ್ಯಿರಿ. ತುಂಡುಗಳನ್ನು ಮೆಲ್ಲಗೆ ಬೇರೆ ಮಾಡಿ, ಎಳೆ ಉಳಿದ ಜಾಗಗಳ ನಡುವಿನ ಅಂತರ ಅಳೆಯಿರಿ. 45 ಎಂಎಂ ವ್ಯಾಸದ ಬ್ಲೇಡು ಒಂದು ಸುತ್ತು ಉರುಳಿದರೆ ಸುಮಾರು 14 ಸೆಂಟಿಮೀಟರ್ ಸಾಗುತ್ತದೆ. ಪ್ರತಿ 14 ಸೆಂಟಿಮೀಟರಿಗೆ ಒಮ್ಮೆ ಎಳೆ ಉಳಿದಿದ್ದರೆ ಅಲಗು ಒಂದು ಕಡೆ ಮುಕ್ಕಾಗಿದೆ ಎಂದರ್ಥ. 5, ಆಮೇಲೆ 9, ಮತ್ತೆ 5, ಮತ್ತೆ 9 ಹೀಗೆ ಬಂದರೆ ಮುಕ್ಕು ಎರಡು ಕಡೆ. 28 ಎಂಎಂ ಬ್ಲೇಡಿಗೆ ಈ ಲೆಕ್ಕ ಸುಮಾರು 9 ಸೆಂಟಿಮೀಟರ್, 60 ಎಂಎಂಗೆ ಸುಮಾರು 19. ಅಂತರಕ್ಕೆ ಲೆಕ್ಕವೇ ಸಿಗದೆ ಉದ್ದಕ್ಕೂ ಎಳೆ ಉಳಿದಿದ್ದರೆ ಬ್ಲೇಡು ಮೊಂಡಾಗಿದೆ, ಇಲ್ಲವೇ ಉರುಳುತ್ತಿಲ್ಲ. ಯಾವ ಬಟ್ಟೆ ಇಟ್ಟರೂ ಮ್ಯಾಟಿನ ಅದೇ ಜಾಗದಲ್ಲಿ ಉಳಿಯುತ್ತಿದ್ದರೆ ದೋಷ ಮ್ಯಾಟಿನದು.

ಮುಕ್ಕಾಗುವುದಕ್ಕೆ ಮುಖ್ಯ ಕಾರಣ ಗುಂಡುಪಿನ್ನು. ಒಂದು ಪಿನ್ನಿನ ಮೇಲೆ ಹಾದರೂ ಸಾಕು. ಅಕ್ರಿಲಿಕ್ ಸ್ಕೇಲಿನ ಅಂಚಿಗೆ ಕಟರನ್ನು ಓರೆಯಾಗಿ ಒತ್ತುವುದು ಎರಡನೆಯದು. ಮೂರನೆಯದು ನಮ್ಮ ಕಡೆಯದೇ: ಹಳೇ ಸೀರೆಯ ಜರಿ. ಅದು ಲೋಹದ ಎಳೆ. ಸೆರಗು, ಅಂಚುಗಳನ್ನು ಮೊದಲು ಕತ್ತರಿಯಲ್ಲಿ ಬೇರೆ ಮಾಡಿ, ಕಟರನ್ನು ಮೈ ಬಟ್ಟೆಗೆ ಮಾತ್ರ ಬಳಸಿ. ಮುಕ್ಕಾದ ಬ್ಲೇಡಿಗೆ ಮದ್ದಿಲ್ಲ. ಅಲ್ಯೂಮಿನಿಯಂ ಫಾಯಿಲನ್ನು ಮಡಚಿ ಕೊಯ್ದರೆ ಹರಿತವಾಗುತ್ತದೆ ಎನ್ನುತ್ತಾರೆ. ಅಂಚಿಗಂಟಿದ ಜುಂಗು, ಸಣ್ಣ ತರಿ ಹೋಗಬಹುದು, ಅಷ್ಟೆ. ಹೋದ ಉಕ್ಕು ಮರಳಿ ಬರುವುದಿಲ್ಲ.

ಇನ್ನು ನಟ್ಟು. ಬ್ಲೇಡು ಅಲುಗಾಡುತ್ತದೆಂದು ಹೆದರಿ ಎಲ್ಲರೂ ಬಿಗಿಯುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಉರುಳದ ಬ್ಲೇಡು ಬಟ್ಟೆಯನ್ನು ಕೊಯ್ಯುವ ಬದಲು ಎಳೆಯುತ್ತದೆ. ಒಂದೇ ಜಾಗ ಮ್ಯಾಟಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಆಮೇಲೆ ನಟ್ಟು ಸಡಿಲಿಸಿದರೂ ಸವೆದ ಜಾಗ ಪ್ರತಿ ಸುತ್ತಿನಲ್ಲೂ ಎಳೆ ಬಿಡುತ್ತಲೇ ಇರುತ್ತದೆ. ಪೂರ್ತಿ ಬಿಗಿದು, ಆಮೇಲೆ ಬ್ಲೇಡು ಬಟ್ಟೆಯ ಮೇಲೆ ಸರಾಗವಾಗಿ ಉರುಳುವಷ್ಟು ಮಾತ್ರ ಸಡಿಲಿಸಿ. ಅಕ್ಕಪಕ್ಕಕ್ಕೆ ಓಲಾಡಿದರೆ ಸಡಿಲ ಜಾಸ್ತಿಯಾಯಿತು. ನಟ್ಟಿನ ಜೊತೆಗಿರುವ ವಾಷರ್ ಚಪ್ಪಟೆ ಅಲ್ಲ, ಸ್ವಲ್ಪ ಬಾಗಿರುತ್ತದೆ. ಸ್ಪ್ರಿಂಗಿನ ಕೆಲಸ ಅದರದು. ತಿರುವುಮುರುವಾಗಿ ಕೂತರೆ ನಟ್ಟನ್ನು ಎಷ್ಟು ತಿರುಗಿಸಿದರೂ ಹದ ಸಿಗುವುದಿಲ್ಲ. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ.

ಬಿಚ್ಚಿದಾಗ ಬ್ಲೇಡಿಗೂ ಹಿಡಿಗೂ ನಡುವೆ ಫೆಲ್ಟಿನಂತೆ ಕೂತ ನೂಲಿನ ಧೂಳು ಸಿಗುತ್ತದೆ. ಅದನ್ನು ಮಧ್ಯದಿಂದ ಅಂಚಿನ ಕಡೆಗೆ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಸವರಿ, ಮತ್ತೆ ಒರೆಸಿ. ಮಳೆಗಾಲದಲ್ಲಿ ತುಕ್ಕು ತಡೆಯುವುದಕ್ಕೂ ಇದು ಬೇಕು. ಜೋಡಿಸಿದ ಮೇಲೆ ಮೊದಲ ಕೊಯ್ತ ವೇಸ್ಟ್ ಬಟ್ಟೆಯ ಮೇಲಿರಲಿ, ಇಲ್ಲದಿದ್ದರೆ ತಿಳಿ ಬಣ್ಣದ ಬಟ್ಟೆಗೆ ಎಣ್ಣೆ ಕಲೆ ಗ್ಯಾರಂಟಿ.

ಡಬ್ಬಿಯಿಂದ ಆಗಷ್ಟೇ ತೆಗೆದ ಬ್ಲೇಡೇ ಕೊಯ್ಯದಿದ್ದರೆ? ಎರಡು ಬ್ಲೇಡು ಅಂಟಿಕೊಂಡಿವೆಯೇ ನೋಡಿ. ದಪ್ಪ ಬರೀ 0.3 ಮಿಲಿಮೀಟರ್, ಮೇಲೆ ಎಣ್ಣೆಯ ಪೊರೆ. ಎರಡು ಒಟ್ಟಿಗೆ ಕೂತರೂ ಕಣ್ಣಿಗೆ ಒಂದೇ. ಅಂಚಿನಿಂದ ಕೀಳಲು ಹೋಗಬೇಡಿ, ಮಧ್ಯದ ತೂತಿನ ಬಳಿ ಒತ್ತಿ ಜಾರಿಸಿ.

ಮ್ಯಾಟಿನ ಕತೆ ಬೇರೆ. ಒಂದೇ ಗೆರೆಯ ಮೇಲೆ ಜೋರಾಗಿ ಒತ್ತಿ ಕೊಯ್ದರೆ ಅಲ್ಲಿ ಸೀಳು ಬೀಳುತ್ತದೆ. ಬ್ಲೇಡು ಬಟ್ಟೆಯನ್ನು ಆ ಸೀಳಿನೊಳಕ್ಕೆ ತುರುಕುತ್ತದೆಯೇ ಹೊರತು ಕೊಯ್ಯುವುದಿಲ್ಲ. ಮ್ಯಾಟನ್ನು ಆಗಾಗ ತಿರುಗಿಸಿಟ್ಟುಕೊಳ್ಳಿ. ಸೀಳಿನಲ್ಲಿ ಕೂತ ಜುಂಗನ್ನು ಮೃದು ಬ್ರಶ್ಶಿನಲ್ಲಿ ತೆಗೆಯಿರಿ. ಬಿಸಿ ಮ್ಯಾಟಿಗಾಗದು: ಬಿಸಿಲಿನಲ್ಲಿ ನಿಂತ ಕಾರು, ಇಸ್ತ್ರಿಪೆಟ್ಟಿಗೆ, ಕಾಫಿ ಲೋಟ ಎಲ್ಲವೂ ಅದನ್ನು ಸೊಟ್ಟ ಮಾಡುತ್ತವೆ. ಒಮ್ಮೆ ಸೊಟ್ಟಾದ ಮ್ಯಾಟನ್ನು ಎಸೆಯುವುದೇ ಸರಿ.

44 ಇಂಚು ಪನ್ನದ ಕಾಟನ್ ಬಟ್ಟೆಯನ್ನು ಒಮ್ಮೆ ಮಡಚಿದರೆ 22 ಇಂಚು; 24 ಇಂಚಿನ ಸ್ಕೇಲು ಸರಿಹೋಗುತ್ತದೆ. ಹರಿತ ಬ್ಲೇಡಿಗೆ ನಾಲ್ಕು ಪದರ ಆರಾಮ, ಆರು ಪದರಕ್ಕೆ ಕೈ ಗಟ್ಟಿ ಇರಬೇಕು. ಅದಕ್ಕೂ ಮೇಲೆ 60 ಎಂಎಂ ಕಟರೇ ಬೇಕು. ಒಗೆದು ಒಗೆದು ಮೆತ್ತಗಾದ ಸೀರೆ ಬ್ಲೇಡಿನ ಮುಂದೆ ಸುಕ್ಕುಗಟ್ಟಿ ಓಡುತ್ತದೆ. ತಿಳಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಆ ಕಾಟ ತಪ್ಪುತ್ತದೆ. ಅಂದಹಾಗೆ, ಸಾಂಪ್ರದಾಯಿಕ ಕೌದಿಗೆ ಈ ಉಪಕರಣವೇ ಬೇಡ. ಅದರಲ್ಲಿ ತುಂಡುಗಳ ಅಳತೆ ಹೆಚ್ಚುಕಮ್ಮಿಯಾದರೂ ಚೆಂದವೇ. ಕಾಲಿಂಚು ಹೊಲಿಗೆ ಬಿಟ್ಟು ಚೌಕಕ್ಕೆ ಚೌಕ ಕೂರಿಸುವ ಕ್ವಿಲ್ಟಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ.

ಕಟರಿನ ಬಗ್ಗೆ ನಮ್ಮ ತಕರಾರು ಒಂದೇ. ಈ ನೇರ ಹಿಡಿಯ ಮಾದರಿಯಲ್ಲಿ ಬ್ಲೇಡಿನ ಮುಚ್ಚಳವನ್ನು ಪ್ರತಿ ಸಲವೂ ಕೈಯಾರೆ ಸರಿಸಬೇಕು. ಮಕ್ಕಳಿರುವ ಮನೆಯಲ್ಲಿ, ಹಿಡಿ ಅದುಮಿದಾಗ ಮಾತ್ರ ಬ್ಲೇಡು ಹೊರಬರುವ ಮಾದರಿ ಒಳ್ಳೆಯದು. ಎಡಗೈಯವರು ಬ್ಲೇಡನ್ನು ಇನ್ನೊಂದು ಬದಿಗೆ ಹಾಕಿಕೊಳ್ಳಬಹುದು. ಬ್ಲೇಡು ಯಾವಾಗಲೂ ಸ್ಕೇಲಿನ ಕಡೆಗಿರಬೇಕು. ಬೆಂಗಳೂರಿನ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಬ್ಲೇಡು ಕೇಳುವಾಗ ಹಳೇ ಬ್ಲೇಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಮಧ್ಯದ ತೂತಿಗೆ ತೂತು ಹೊಂದಿಸಿ ನೋಡಿ. ಹತ್ತರ ಕಟ್ಟಿನಲ್ಲಿ ಬರುವ ಹೆಸರಿಲ್ಲದ ಬ್ಲೇಡುಗಳನ್ನು ಕಾಗದ, ಫ್ಲೀಸು ಕೊಯ್ಯಲು ಇಟ್ಟುಕೊಳ್ಳಬಹುದು. ಒಂದು ಹರಿತ, ಮುಂದಿನದು ಮೊಂಡು, ನೆಚ್ಚುವ ಹಾಗಿಲ್ಲ.

ಮುಗಿದ ಬ್ಲೇಡನ್ನು ಬರೀ ಕವರಿನಲ್ಲಿ ಒಣಕಸಕ್ಕೆ ಹಾಕಬೇಡಿ, ವಿಂಗಡಿಸುವ ಪೌರಕಾರ್ಮಿಕರ ಕೈ ಸೀಳುತ್ತದೆ. ದಪ್ಪ ರಟ್ಟಿನ ನಡುವೆ ಇಟ್ಟು ಸುತ್ತ ಟೇಪು ಸುತ್ತಿ, ಮೇಲೆ ‘ಬ್ಲೇಡು’ ಎಂದು ದಪ್ಪಕ್ಷರದಲ್ಲಿ ಬರೆದು ಕೊಡಿ.